ಲಂಚ ಕೇಳಿದರೆ ಮೊಬೈಲಲ್ಲಿ ರೆಕಾರ್ಡ್ ಮಾಡಬಹುದಾ? ಮಾಡುವ ಮುಂಚೆ, ಮಾಡಿದ ಮೇಲೆ

ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ಅಮ್ಮನ ಹೆಸರಿಗೆ ಪೌತಿ ಖಾತೆ ಮಾಡಿಸಲು ನಾನು ನಾಲ್ಕು ತಿಂಗಳು ಓಡಾಡಿದೆ. ಐದನೇ ತಿಂಗಳಲ್ಲಿ ಕೇಸ್ ವರ್ಕರ್ ಬಾಯಿಬಿಟ್ಟು ಹೇಳಿದರು: "ನೋಡಮ್ಮ, ಫೈಲು ಸುಮ್ನೆ ಮುಂದಕ್ಕೆ ಹೋಗಲ್ಲ. ಎಂಟು ಸಾವಿರ ಇಟ್ಕೊಂಡು ಬಾ." ಬ್ಯಾಗಲ್ಲಿದ್ದ ಮೊಬೈಲ್ ಆ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡಿತ್ತು.

ಮನೆಗೆ ಬಂದು ಬೇಕಾದ ನಲವತ್ತು ಸೆಕೆಂಡು ಮಾತ್ರ ಕತ್ತರಿಸಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೊಬೈಲಲ್ಲಿ ಜಾಗ ಸಾಲದೆ ಪೂರ್ತಿ ಫೈಲನ್ನು ಅಳಿಸಿದೆ. ಸಂಜೆಯೊಳಗೆ ಆ ತುಣುಕು ಅದೇ ಕಚೇರಿಗೂ ತಲುಪಿತು. ಆಮೇಲೆ ದೂರು ಕೊಡಲು ಹೋದಾಗ ಕೇಳಿದ ಮೊದಲ ಪ್ರಶ್ನೆ, "ಒರಿಜಿನಲ್ ಎಲ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನುಷ್ಯನನ್ನು ಹಣದ ಸಮೇತ ಹಿಡಿಯುವ ದಾರಿಯೂ ಮುಚ್ಚಿಹೋಗಿತ್ತು. ಒಮ್ಮೆ ಎಚ್ಚೆತ್ತವರು ಮತ್ತೆ ಕೈ ಚಾಚುವುದಿಲ್ಲ.

ಆಮೇಲೆ ಕಾನೂನು ಓದಿದೆ, ವಕೀಲರನ್ನು ಕೇಳಿದೆ, ಬೇರೆಯವರ ಜೊತೆ ದೂರು ಕೊಡಲು ಹೋದೆ. ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ರೆಕಾರ್ಡಿಂಗ್ ಹೋಗಿ ಸೇರಬೇಕಾದದ್ದು ದೂರಿನ ಜೊತೆಗೆ, ಸ್ಟೇಟಸ್ಸಿಗೆ ಅಲ್ಲ. ನನಗೆ ಆ ದಿನ ಯಾರಾದರೂ ಇಷ್ಟು ಹೇಳಿದ್ದರೆ ಸಾಕಿತ್ತು.

ಹೆಜ್ಜೆ 1: ಆ ಮಾತಿನಲ್ಲಿ ನೀವಿದ್ದೀರಾ ಎಂದು ಕೇಳಿಕೊಳ್ಳಿ

ಇಬ್ಬರು ಮಾತಾಡುವಾಗ ಅವರಲ್ಲೊಬ್ಬರು ಅದನ್ನು ರೆಕಾರ್ಡ್ ಮಾಡಿಕೊಂಡರೆ ಅದೇ ಅಪರಾಧ ಎಂದು ಹೇಳುವ ನೇರ ಕಾನೂನು ಭಾರತದಲ್ಲಿ ಇಲ್ಲ. ಇನ್ನಿಬ್ಬರ ಮಾತನ್ನು ನೀವು ಕದ್ದು ಕೇಳುವುದು ಮಾತ್ರ ಪೂರ್ತಿ ಬೇರೆ ವಿಷಯ. ಎಲ್ಲ ಗೊಂದಲ ಹುಟ್ಟುವುದು ಈ ಎರಡನ್ನು ಕಲಸಿಕೊಳ್ಳುವುದರಿಂದ.

ಮೊದಲನೆಯದಕ್ಕೆ ದೊಡ್ಡ ಆಧಾರ 1972ರ ಒಂದು ತೀರ್ಪು, ಆರ್.ಎಂ. ಮಲ್ಕಾನಿ ಪ್ರಕರಣ. ಮಲ್ಕಾನಿ ಬಾಂಬೆಯ ಕೊರೋನರ್ ಆಗಿದ್ದರು, ಅಂದರೆ ಅನುಮಾನದ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ. ಒಬ್ಬ ರೋಗಿಯ ಸಾವಿನ ವಿಚಾರದಲ್ಲಿ ಅವರು ಒಬ್ಬ ವೈದ್ಯರಿಂದ ಲಂಚ ಕೇಳಿದ್ದರು. ಪೊಲೀಸರು ಫೋನಿಗೆ ಟೇಪ್ ರೆಕಾರ್ಡರ್ ಜೋಡಿಸಿ ಮಾತನ್ನು ಹಿಡಿದರು. ಫೋನ್ ಮಾಡಿದವರ ಒಪ್ಪಿಗೆ ಅದಕ್ಕಿತ್ತು, ಮಲ್ಕಾನಿಗೆ ಮಾತ್ರ ಗೊತ್ತಿರಲಿಲ್ಲ. ಇದು ಟೆಲಿಗ್ರಾಫ್ ಕಾಯ್ದೆಗೆ ವಿರುದ್ಧವಲ್ಲ, ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಯಾರೂ ಬಲವಂತ ಮಾಡದೆ, ಅವರೇ ಆಡಿದ ಮಾತು ಅದು ಎಂಬುದೂ ಮುಖ್ಯವಾಯಿತು.

ಎರಡನೆಯದಕ್ಕೆ ಬಂದರೆ, ಬೇರೆಯವರ ಫೋನ್ ಕದ್ದು ಕೇಳುವ ಅಧಿಕಾರ ಯಾವ ಖಾಸಗಿ ವ್ಯಕ್ತಿಗೂ ಇಲ್ಲ. ಸರ್ಕಾರಕ್ಕೂ ಅದು ಸುಲಭವಾಗಿ ಸಿಗಬಾರದು ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ಕಟ್ಟುಪಾಡು ಹಾಕಿದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅಕ್ರಮ ಕದ್ದಾಲಿಕೆಗೆ 3 ವರ್ಷದವರೆಗೆ ಜೈಲಿದೆ. ಅಧಿಕಾರಿಯ ಮೇಜಿನಡಿ ರೆಕಾರ್ಡರ್ ಅಂಟಿಸಿ ಹೊರಗೆ ಬರುವುದು, ಅವರ ಮೊಬೈಲಿಗೆ ಗೂಢಚಾರಿ ಆ್ಯಪ್ ಹಾಕುವುದು, ಇವೆಲ್ಲ ಮಾಡಲೇಬಾರದ ಕೆಲಸ. ಎದುರಿನವರು ಎಷ್ಟೇ ಭ್ರಷ್ಟರಾಗಿರಲಿ, ಇಂಥದ್ದು ಮಾಡಿದರೆ ಆರೋಪಿ ಸ್ಥಾನಕ್ಕೆ ಬರುವವರು ನೀವು.

ಹೆಜ್ಜೆ 2: ಜಾಗ ಯಾವುದು ನೋಡಿ

"ಕಚೇರಿಯಲ್ಲಿ ಮೊಬೈಲ್ ನಿಷೇಧ" ಎಂಬ ಬೋರ್ಡು ನೋಡಿ ಎಷ್ಟೋ ಜನ ಹೆದರುತ್ತಾರೆ. 2022ರ ಜುಲೈ ತಿಂಗಳಲ್ಲಿ ನಮ್ಮ ಕರ್ನಾಟಕ ಸರ್ಕಾರ ಒಂದು ಆದೇಶವನ್ನೇ ಹೊರಡಿಸಿತ್ತು. ಅನುಮತಿ ಇಲ್ಲದೆ ಸಾರ್ವಜನಿಕರು ಸರ್ಕಾರಿ ಕಚೇರಿಗಳಲ್ಲಿ ಫೋಟೊ, ವಿಡಿಯೊ ತೆಗೆಯಬಾರದು ಎಂದು. ನೌಕರರ ಸಂಘ ಅದನ್ನು ಕೇಳಿತ್ತು. ಜನ ಸಿಟ್ಟಿಗೆದ್ದರು. ಮರುದಿನವೇ ಸರ್ಕಾರ ಆ ಆದೇಶ ವಾಪಸ್ ತೆಗೆದುಕೊಂಡಿತು. ಆ ಒಂದು ದಿನ ನನಗೆ ಇವತ್ತಿಗೂ ನೆನಪಿದೆ. ಕಚೇರಿಯಲ್ಲಿ ಏನು ನಡೆಯುತ್ತದೆ ಎಂದು ಜನ ನೋಡುವುದು ತಪ್ಪು ಎಂದು ಬರೆದ ಕಾಗದ ಒಂದು ರಾತ್ರಿಯೂ ಸರಿಯಾಗಿ ನಿಲ್ಲಲಿಲ್ಲ.

ಹಾಗಂತ ಎಲ್ಲ ಕಡೆ ಕ್ಯಾಮೆರಾ ಎತ್ತಬೇಡಿ. ಮಹಿಳಾ ಸಿಬ್ಬಂದಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವುದು, ಅವರು ಬೇಡ ಎಂದ ಮೇಲೂ ತೆಗೆಯುವುದು ತಪ್ಪು. ನಿಮ್ಮ ಕೆಲಸಕ್ಕೂ ಅದರಿಂದ ಏನೂ ಉಪಯೋಗವಿಲ್ಲ. ವಿಡಿಯೊ ಮಾಡಲು ಹೋಗಿ ತಳ್ಳಾಟವಾದರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂಬ ಕೇಸು ಬೀಳಬಹುದು. ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಂ ಅದಕ್ಕೇ ಇದೆ. ಕೈ ಮಾಡಿದರಂತೂ 132ನೇ ಕಲಂ, 2 ವರ್ಷದವರೆಗೆ ಜೈಲು. ಲಂಚದ ಮಾತಿಗೆ ಧ್ವನಿ ಸಾಕು. ಮೊಬೈಲ್ ಜೇಬಲ್ಲೇ ಇರಲಿ.

ಪೊಲೀಸ್ ಠಾಣೆಯೊಳಗೆ ವಿಡಿಯೊ ಮಾಡಿದರು ಎಂದು ಅಧಿಕೃತ ರಹಸ್ಯ ಕಾಯ್ದೆಯಡಿ ಕೇಸು ಹಾಕಿದ ಉದಾಹರಣೆ ಮಹಾರಾಷ್ಟ್ರದ ವಾರ್ಧಾದಲ್ಲಿದೆ. 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ ಆ ಕೇಸನ್ನು ರದ್ದು ಮಾಡಿತು. ಆ ಕಾಯ್ದೆ ಹೇಳುವ "ನಿಷೇಧಿತ ಸ್ಥಳ"ದ ಪಟ್ಟಿಯಲ್ಲಿ ಪೊಲೀಸ್ ಠಾಣೆ ಇಲ್ಲ ಎಂದಿತು. ಬೇರೆ ರಾಜ್ಯದ ಹೈಕೋರ್ಟಿನ ಮಾತಾದ್ದರಿಂದ ನಮ್ಮ ಕೋರ್ಟುಗಳು ಅದನ್ನು ಒಪ್ಪಲೇಬೇಕೆಂದಿಲ್ಲ, ಆದರೆ ನಿಮ್ಮ ವಕೀಲರು ಅದನ್ನು ತೋರಿಸಬಹುದು. ಠಾಣೆಯಲ್ಲಿ ನಿಮಗೆ ತೊಂದರೆಯಾಗಿದ್ದರೆ ಇನ್ನೊಂದು ದಾರಿಯಿದೆ, ಅಲ್ಲಿನ ಸಿಸಿಟಿವಿ ದೃಶ್ಯ ಕೇಳುವುದು. ಪ್ರತಿ ಠಾಣೆಯಲ್ಲೂ ಧ್ವನಿ ಸಮೇತ ಸಿಸಿಟಿವಿ ಇರಬೇಕು ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ದೃಶ್ಯ ಅಳಿಸಿಹೋಗುವ ಮುಂಚೆ, ಅಂದರೆ ಕೆಲವೇ ದಿನಗಳಲ್ಲಿ, ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಿರಿ.

ಕೋರ್ಟ್ ಹಾಲಿನೊಳಗೆ ಮಾತ್ರ ಬೇಡವೇ ಬೇಡ. ಕರ್ನಾಟಕ ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ಬರುತ್ತದೆ, ನಿಜ. ಆದರೆ ಅದನ್ನು ನಾವು ರೆಕಾರ್ಡ್ ಮಾಡಿಕೊಳ್ಳುವುದಕ್ಕೂ ಹಂಚುವುದಕ್ಕೂ ನಿಯಮದಲ್ಲಿ ತಡೆ ಇದೆ. ರಕ್ಷಣಾ ಇಲಾಖೆಯ ಜಾಗಗಳೂ ಅಷ್ಟೇ.

ಹೆಜ್ಜೆ 3: ಮೊಬೈಲ್ ಸಿದ್ಧಮಾಡಿ

ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ರೆಕಾರ್ಡರ್ ಆನ್ ಮಾಡಿ ಜೇಬಿಗೋ ಬ್ಯಾಗಿಗೋ ಹಾಕಿಕೊಂಡು ಮನೆಯವರ ಜೊತೆ ಮಾತಾಡಿ, ಆಮೇಲೆ ಕೇಳಿ. ಬಹಳಷ್ಟು ಮೊಬೈಲುಗಳಲ್ಲಿ ಮೈಕು ಕೆಳತುದಿಯಲ್ಲಿರುತ್ತದೆ. ಹಾಗಾಗಿ ಜೇಬಲ್ಲಿ ಮೊಬೈಲನ್ನು ತಲೆಕೆಳಗಾಗಿ ಇಟ್ಟರೆ ಧ್ವನಿ ಸ್ಪಷ್ಟವಾಗಿ ಬರುತ್ತದೆ. ಬ್ಯಾಗಿನ ತಳದಲ್ಲಿ ಸೀರೆ, ಟಿಫಿನ್ ಡಬ್ಬಿ ನಡುವೆ ಇಟ್ಟರೆ ಬರೀ ಸರಬರ ಸದ್ದು.

ಚಾರ್ಜು, ಖಾಲಿ ಜಾಗ ನೋಡಿಕೊಳ್ಳಿ. ಏರೋಪ್ಲೇನ್ ಮೋಡಿಗೆ ಹಾಕಿ, ನಡುವೆ ಕರೆ ಬಂದರೆ ಕೆಲವು ಮೊಬೈಲುಗಳಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತದೆ. ದಿನಾಂಕ, ಸಮಯ ಸರಿಯಿದೆಯೇ ನೋಡಿ. ಕಚೇರಿಯ ಗೇಟಿನ ಹೊರಗೇ ಆನ್ ಮಾಡಿ, ಮೆಲ್ಲಗೆ ಆ ದಿನದ ತಾರೀಕು, ಸಮಯ, ಯಾವ ಕಚೇರಿಗೆ ಯಾವ ಕೆಲಸಕ್ಕೆ ಹೋಗುತ್ತಿದ್ದೀರಿ ಎಂದು ಹೇಳಿ. ಹೊರಗೆ ಬಂದ ಮೇಲೇ ಆಫ್ ಮಾಡಿ. ನಡುವೆ ನಿಲ್ಲಿಸಬೇಡಿ. ಅರ್ಧ ಗಂಟೆ ಬೆಂಚಿನ ಮೇಲೆ ಕಾದದ್ದೂ ಇರಲಿ, ಕತ್ತರಿಸಿಲ್ಲ ಎಂಬುದಕ್ಕೆ ಅದೇ ಪುರಾವೆ.

ಫೋನಿನಲ್ಲಿ ಕೇಳುವವರಾದರೆ ಸ್ವಲ್ಪ ಕಷ್ಟ. 2022ರಿಂದ ಗೂಗಲ್ ತನ್ನ ಪ್ಲೇ ಸ್ಟೋರಿನ ಕರೆ ರೆಕಾರ್ಡ್ ಮಾಡುವ ಆ್ಯಪುಗಳಿಗೆ ಕಡಿವಾಣ ಹಾಕಿದೆ. ಗೂಗಲ್‌ನದೇ ಫೋನ್ ಆ್ಯಪು, ಐಫೋನು ರೆಕಾರ್ಡ್ ಶುರುವಾದ ಕೂಡಲೇ ಎರಡೂ ಕಡೆಗೆ ಕೇಳುವಂತೆ ಹೇಳಿಬಿಡುತ್ತವೆ. ಅಂಥ ಮೊಬೈಲಾದರೆ ಸ್ಪೀಕರ್ ಹಾಕಿ ಇನ್ನೊಂದು ಮೊಬೈಲಲ್ಲಿ ರೆಕಾರ್ಡ್ ಮಾಡಿ. ಆಗ ಎರಡೂ ಮೊಬೈಲು ಸಾಕ್ಷಿಯಾಗುತ್ತವೆ. ಕರೆ ಬಂದ ಸಮಯ ಕಾಣುವ ಕಾಲ್ ಲಾಗನ್ನೂ ಅಳಿಸಬೇಡಿ.

ಹೆಜ್ಜೆ 4: ಕೇಳಿಸಿಕೊಳ್ಳಿ, ಬಲೆ ಬೀಸಬೇಡಿ

ಇದು ಎಲ್ಲಕ್ಕಿಂತ ಸೂಕ್ಷ್ಮವಾದ ಹೆಜ್ಜೆ. ಅಧಿಕಾರಿ ಕೇಳಿದ್ದು ಸಾಬೀತಾಗಬೇಕು. ಲಂಚದ ಕೇಸಿನಲ್ಲಿ ಬೇಡಿಕೆ ಇಟ್ಟದ್ದು ಸಾಬೀತಾಗದೆ ಬರೀ ನೋಟು ಸಿಕ್ಕರೆ ಶಿಕ್ಷೆ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. "ಸಾಲ ವಾಪಸ್ ಕೊಟ್ಟರು", "ಜೇಬಿಗೆ ಅವರೇ ತುರುಕಿದರು" ಎಂದು ಆರೋಪಿ ಹೇಳಿ ಪಾರಾಗುವುದು ಇಲ್ಲೇ. ನಿಮ್ಮ ರೆಕಾರ್ಡಿಂಗಿನ ನಿಜವಾದ ಬೆಲೆ ಇರುವುದೂ ಇಲ್ಲೇ.

ಆದ್ದರಿಂದ ಮೊತ್ತವನ್ನು ನೀವು ಹೇಳಬೇಡಿ. "ಸರ್, ಐದು ಸಾವಿರ ಕೊಡ್ತೀನಿ, ಮಾಡಿಕೊಡಿ" ಎಂದು ನೀವೇ ಶುರು ಮಾಡಿದರೆ ಲಂಚದ ಆಮಿಷ ಒಡ್ಡಿದವರು ನೀವಾಗುತ್ತೀರಿ. ಸಾಮಾನ್ಯವಾಗಿ ಕೇಳುವಂತೆ ಕೇಳಿ:

"ಸರ್, ನನ್ನ ಅರ್ಜಿ ಎಲ್ಲಿಗೆ ಬಂತು? ಸಕಾಲ ನಂಬರ್ ಇದು."
"ಇನ್ನೇನು ದಾಖಲೆ ಬೇಕು ಸರ್?"
"ಇದಕ್ಕೆ ಫೀಸು ಎಷ್ಟು? ರಸೀದಿ ಕೊಡ್ತೀರಾ?"

ಕೊನೆಯ ಪ್ರಶ್ನೆ ಬಹಳ ಕೆಲಸ ಮಾಡುತ್ತದೆ. ಸರ್ಕಾರಿ ಫೀಸಾದರೆ ರಸೀದಿ ಉಂಟು. ಲಂಚವಾದರೆ "ಇದಕ್ಕೆಲ್ಲ ರಸೀದಿ ಎಲ್ಲಿಂದ ಬರುತ್ತಮ್ಮ" ಎಂಬ ಮಾತು ಅವರ ಬಾಯಿಂದಲೇ ಬರುತ್ತದೆ. ಬೆರಳಲ್ಲಿ ತೋರಿಸಿದರೆ, ಚೀಟಿಯಲ್ಲಿ ಬರೆದರೆ, "ಅರ್ಥ ಆಗಲಿಲ್ಲ, ಎಷ್ಟು ಸರ್?" ಎಂದು ಕೇಳಿ. ಅವರನ್ನು ಹೆಸರಿಂದಲೋ ಹುದ್ದೆಯಿಂದಲೋ ಕರೆದು ಮಾತಾಡಿಸಿ, ಧ್ವನಿ ಯಾರದು ಎಂದು ಗುರುತಿಸಲು ಅನುಕೂಲ.

ಕೇಳದೇ ಇರುವವರಿಗೆ ಆಸೆ ತೋರಿಸಿ ಸಿಕ್ಕಿಸುವುದು ಬೇರೆ. 2014ರಲ್ಲಿ ರಜತ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಕೇಂದ್ರ ಸಚಿವರಾಗಿದ್ದ ದಿಲೀಪ್ ಸಿಂಗ್ ಜುದೇವ್ ಅವರಿಗೆ ಹಣ ಕೊಟ್ಟು ಚಿತ್ರೀಕರಿಸಿದವರು "ಇದು ಸ್ಟಿಂಗ್ (ಗುಟ್ಟಾಗಿ ಚಿತ್ರೀಕರಿಸಿ ಬಯಲು ಮಾಡುವ ಕೆಲಸ), ಸಾರ್ವಜನಿಕ ಹಿತಕ್ಕೆ ಮಾಡಿದ್ದು" ಎಂದು ಕೇಸಿನಿಂದ ಕೈಬಿಡುವಂತೆ ಕೇಳಿದ್ದರು. ಕೋರ್ಟ್ ಒಪ್ಪಲಿಲ್ಲ. ಸ್ಟಿಂಗ್ ಎಂದ ಮಾತ್ರಕ್ಕೆ ಅಪರಾಧ ಅಳಿದುಹೋಗುವುದಿಲ್ಲ, ಉದ್ದೇಶ ಏನಿತ್ತು ಎಂಬುದು ವಿಚಾರಣೆಯಲ್ಲಿ ತಿಳಿಯಬೇಕು ಎಂದಿತು. ಸ್ವಂತ ಯೂಟ್ಯೂಬ್ ಚಾನೆಲ್ ಇಟ್ಟುಕೊಂಡು ಕಚೇರಿ ಕಚೇರಿ ಸುತ್ತುವ ತಮ್ಮಂದಿರು ಈ ತೀರ್ಪನ್ನು ಒಮ್ಮೆ ಓದಿ.

ಹೆಜ್ಜೆ 5: ಮನೆಗೆ ಬಂದ ಕೂಡಲೇ ಮಾಡಬೇಕಾದದ್ದು

ಆ ಫೈಲನ್ನು ಮುಟ್ಟಬೇಡಿ. ಕತ್ತರಿಸಬೇಡಿ, ಸದ್ದು ಕಡಿಮೆ ಮಾಡಬೇಡಿ, ಹೆಸರು ಬದಲಿಸಬೇಡಿ. ಕೇಬಲ್ ಹಾಕಿ ಕಂಪ್ಯೂಟರಿಗೋ ಪೆನ್ ಡ್ರೈವಿಗೋ ಒಂದು ಪ್ರತಿ ಮಾಡಿ. ಕೇಳಬೇಕಾದಾಗ ಆ ಪ್ರತಿಯನ್ನು ಕೇಳಿ. ವಾಟ್ಸಾಪಿನಲ್ಲಿ ಮಾಮೂಲಿ ವಿಡಿಯೊವಾಗಿ ಕಳಿಸಿದರೆ ಅದು ಕುಗ್ಗಿ ಬೇರೆಯೇ ಫೈಲಾಗುತ್ತದೆ. ವಕೀಲರಿಗೆ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ. ಆ ಮೊಬೈಲನ್ನು ಮಾರಬೇಡಿ, ಎಕ್ಸ್‌ಚೇಂಜಿಗೆ ಕೊಡಬೇಡಿ, ರೀಸೆಟ್ ಮಾಡಬೇಡಿ. ಅಂದೇ ಒಂದು ಹಾಳೆಯಲ್ಲಿ ಏನು ನಡೆಯಿತು, ಯಾರಿದ್ದರು, ಎಷ್ಟು ಹೊತ್ತು ಎಂದು ಬರೆದು ತಾರೀಕು ಹಾಕಿ ಸಹಿ ಮಾಡಿಟ್ಟುಕೊಳ್ಳಿ.

ಇಷ್ಟೊಂದು ಜಾಗ್ರತೆ ಯಾಕೆ ಎಂದರೆ, ಟೇಪಿನ ಸಾಕ್ಷಿಗೆ ಸುಪ್ರೀಂ ಕೋರ್ಟ್ 1985ರಲ್ಲೇ ರಾಮ್ ಸಿಂಗ್ ಪ್ರಕರಣದಲ್ಲಿ ಕಟ್ಟುನಿಟ್ಟಿನ ಷರತ್ತು ಹಾಕಿದೆ. ಧ್ವನಿ ಯಾರದು ಎಂದು ಗುರುತಾಗಬೇಕು, ಸ್ಪಷ್ಟವಾಗಿ ಕೇಳಿಸಬೇಕು, ತಿದ್ದಿಲ್ಲ ಎಂದು ತೋರಿಸಬೇಕು, ವಿಷಯಕ್ಕೆ ಸಂಬಂಧ ಇರಬೇಕು, ಸೀಲ್ ಮಾಡಿ ಜೋಪಾನವಾಗಿ ಇಟ್ಟಿರಬೇಕು. ಮೊಬೈಲಿಗೂ ಇದೇ ಲೆಕ್ಕ.

ಜೊತೆಗೆ ಒಂದು ಪ್ರಮಾಣಪತ್ರವೂ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಎಂದು ವಕೀಲರ ಬಾಯಲ್ಲಿ ಈಗಲೂ ಕೇಳುತ್ತೀರಿ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಎರಡು ಭಾಗದ ಪ್ರಮಾಣಪತ್ರ ಕೊಡಬೇಕು. ಒಂದು ಭಾಗ ನಿಮ್ಮದು, ಇನ್ನೊಂದು ತಜ್ಞರದು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಎಂದುಕೊಳ್ಳಿ. ಒಂದು ಸೆಕೆಂಡು ಕತ್ತರಿಸಿದರೂ ಅದು ಬದಲಾಗುತ್ತದೆ. ಮೂಲ ಮೊಬೈಲನ್ನೇ ಮಾಲೀಕರು ಕೋರ್ಟಿಗೆ ತಂದು ಸಾಕ್ಷಿ ಹೇಳಿದರೆ ಪ್ರಮಾಣಪತ್ರ ಬೇಡ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಹೇಳುತ್ತದೆ. ನಾನು ಮೂಲ ಫೈಲ್ ಅಳಿಸಿ ಕಳೆದುಕೊಂಡದ್ದು ಇದನ್ನೇ.

ಹೆಜ್ಜೆ 6: ಹಣ ಕೊಡುವ ಮುಂಚೆ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ

ರಾಜ್ಯ ಸರ್ಕಾರಿ ನೌಕರರಾದರೆ ಲೋಕಾಯುಕ್ತ ಪೊಲೀಸರು. 2016ರಲ್ಲಿ ಬಂದ ಎಸಿಬಿಯನ್ನು, ಅಂದರೆ ಭ್ರಷ್ಟಾಚಾರ ನಿಗ್ರಹ ದಳವನ್ನು, 2022ರ ಆಗಸ್ಟಿನಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಆ ಕೆಲಸ ಮತ್ತೆ ಲೋಕಾಯುಕ್ತಕ್ಕೇ ಬಂದಿದೆ. ಜಿಲ್ಲೆಗಳಲ್ಲೂ ಅವರ ಕಚೇರಿಗಳಿವೆ. ಬ್ಯಾಂಕು, ರೈಲ್ವೆ, ಅಂಚೆಯಂಥ ಕೇಂದ್ರದ ನೌಕರರಾದರೆ ಸಿಬಿಐ.

2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ ಬದಲಾಯಿತು. ಈಗ ಲಂಚ ಕೊಡುವವರೂ ಅಪರಾಧಿಗಳು, 7 ವರ್ಷದವರೆಗೆ ಜೈಲಿದೆ. ಆದರೆ ಎರಡು ವಿನಾಯಿತಿ ಇವೆ. ಮೊದಲೇ ಪೊಲೀಸರಿಗೆ ತಿಳಿಸಿ, ಅವರಿಗೆ ನೆರವಾಗಲು ಹಣ ಕೊಟ್ಟರೆ ಅದು ಅಪರಾಧವಲ್ಲ. ಬಲವಂತಕ್ಕೆ ಸಿಕ್ಕಿ ಕೊಟ್ಟುಬಿಟ್ಟಿದ್ದರೆ, ಕೊಟ್ಟ ದಿನದಿಂದ 7 ದಿನದೊಳಗೆ ದೂರು ಕೊಡಬೇಕು. ಈ ಏಳು ದಿನ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕೊಟ್ಟದ್ದನ್ನು ವಿಡಿಯೊ ಮಾಡಿ ಎರಡು ತಿಂಗಳ ಮೇಲೆ ಫೇಸ್‌ಬುಕ್ಕಿಗೆ ಹಾಕಿದರೆ, ನಿಮ್ಮ ವಿರುದ್ಧವೇ ನೀವು ಸಾಕ್ಷಿ ಕೊಟ್ಟಂತೆ.

ದೂರು ಕೊಟ್ಟಾಗ ನಿಮ್ಮ ರೆಕಾರ್ಡಿಂಗ್ ಕೇಳುತ್ತಾರೆ. ಬೇಡಿಕೆ ನಿಜವೇ ಎಂದು ತಿಳಿಯಲು ಅವರದೇ ವಾಯ್ಸ್ ರೆಕಾರ್ಡರ್ ಕೊಟ್ಟು ಮತ್ತೊಮ್ಮೆ ಮಾತಾಡಿಸಲೂಬಹುದು. ಆಮೇಲೆ ಎಫ್‌ಐಆರ್, ಆಮೇಲೆ ಟ್ರ್ಯಾಪ್, ಅಂದರೆ ಹಣದ ಸಮೇತ ಹಿಡಿಯುವ ಕೆಲಸ. ಸಾಮಾನ್ಯವಾಗಿ ಹಣ ನೀವೇ ತರಬೇಕು. ನೋಟುಗಳ ನಂಬರ್ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ. ಪಂಚರು, ಅಂದರೆ ನಡೆದದ್ದಕ್ಕೆ ಸಾಕ್ಷಿಯಾಗಿ ಪೊಲೀಸರು ಕರೆತಂದವರು, ಇರುತ್ತಾರೆ, ಅವರಲ್ಲೊಬ್ಬರು ನೆರಳಿನ ಹಾಗೆ ನಿಮ್ಮ ಜೊತೆ ಬರುತ್ತಾರೆ. ಅಧಿಕಾರಿ ಕೇಳಿದ ಮೇಲೇ ಹಣ ಕೊಡಬೇಕು. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಧಿಕಾರಿಯ ನಿರ್ಧಾರಗಳ ಬಗ್ಗೆ ತನಿಖೆ ಮಾಡಲು ಸರ್ಕಾರದ ಪೂರ್ವಾನುಮತಿ ಬೇಕು ಎಂಬ 17ಎ ಕಲಂ ಹೀಗೆ ಸ್ಥಳದಲ್ಲೇ ಹಿಡಿದ ಕೇಸಿಗೆ ಅಡ್ಡ ಬರುವುದಿಲ್ಲ.

"ನನ್ನ ಧ್ವನಿಯೇ ಅಲ್ಲ" ಎಂದು ಆರೋಪಿ ಹೇಳಿದರೆ? ಧ್ವನಿ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು, ಈಗ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಸೇರಿದೆ.

ಒಂದು ಎಚ್ಚರಿಕೆ. ರೆಕಾರ್ಡಿಂಗ್ ತೋರಿಸಿ "ಕೆಲಸ ಮಾಡಿಕೊಡಿ, ಇಲ್ಲ ಹಣ ಕೊಡಿ, ಇಲ್ಲದಿದ್ದರೆ ವೈರಲ್ ಮಾಡ್ತೀನಿ" ಎಂದು ಹೆದರಿಸಬೇಡಿ. ಹಣ ಕೇಳಿದರೆ ಅದು ಸುಲಿಗೆ, ನ್ಯಾಯ ಸಂಹಿತೆಯ 308ನೇ ಕಲಂನಲ್ಲಿ 7 ವರ್ಷದವರೆಗೆ ಜೈಲಿದೆ. ಸುಮ್ನೆ ಸಿಟ್ಟಿಗೆ ಜಾಲತಾಣಕ್ಕೆ ಹಾಕಿದರೂ ಮಾನನಷ್ಟದ ಕೇಸು ಬರಬಹುದು, ನಿಜವನ್ನೇ ಹೇಳಿದ್ದೇನೆ ಎಂದು ಆಗ ನೀವು ಕೋರ್ಟಿಗೆ ತೋರಿಸಬೇಕಾಗುತ್ತದೆ.

ಮನೆಯೊಳಗಿನ ಮಾತು

ಗಂಡ ಹೆಂಡತಿ, ಅಣ್ಣ ತಮ್ಮ, ಸ್ನೇಹಿತರ ಮಾತು ರೆಕಾರ್ಡ್ ಮಾಡಬಹುದೇ ಎಂದೂ ಜನ ಕೇಳುತ್ತಾರೆ. ಕಚೇರಿಯ ಮೇಜಿನಲ್ಲಿ ನಡೆದದ್ದು ಜನರ ಕೆಲಸ. ಮನೆಯೊಳಗಿನದು ಹಾಗಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಆ ದೊಡ್ಡ ತೀರ್ಪು ಇರುವುದು ನಮ್ಮವರ ಹೆಸರಿನಲ್ಲೇ. ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ದಂಪತಿಗಳ ವಿಚಾರದಲ್ಲಿ ಹೈಕೋರ್ಟುಗಳು ಒಂದೊಂದು ರೀತಿ ಹೇಳುತ್ತಿದ್ದವು. 2025ರ ಜುಲೈನಲ್ಲಿ ವಿಭೋರ್ ಗರ್ಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ವಿಚ್ಛೇದನದ ಕೇಸಿನಲ್ಲಿ ಸಂಗಾತಿಯ ಜೊತೆಗಿನ ಮಾತಿನ ಗುಟ್ಟಿನ ರೆಕಾರ್ಡಿಂಗನ್ನು ಸಾಕ್ಷಿಯಾಗಿ ಪರಿಶೀಲಿಸಬಹುದು ಎಂದಿತು. ಇದರರ್ಥ ಹೆಂಡತಿ ತವರಿಗೆ ಮಾಡುವ ಫೋನನ್ನು ಕದ್ದು ಕೇಳಬಹುದು ಎಂದಲ್ಲ. ಅವರ ಮೊಬೈಲಿಗೆ ಹೇಳದೆ ಆ್ಯಪ್ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂನಲ್ಲಿ 3 ವರ್ಷದವರೆಗೆ ಜೈಲಿದೆ. ಖಾಸಗಿ ದೃಶ್ಯ ತೆಗೆದರೆ ಇನ್ನೂ ಗಂಭೀರ. ಕಿರುಕುಳ, ಬೆದರಿಕೆ ಅನುಭವಿಸುತ್ತಿರುವ ಹೆಣ್ಣುಮಕ್ಕಳು ತಮಗೇ ಹೇಳಿದ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವುದನ್ನು ಮಾತ್ರ ನಾನು ಖಂಡಿತ ಬೇಡ ಎನ್ನುವುದಿಲ್ಲ.

ಹೊರದೇಶದಲ್ಲಿರುವ ನಮ್ಮವರು ಈ ಬರಹ ನಂಬಿ ಅಲ್ಲಿ ರೆಕಾರ್ಡ್ ಮಾಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತಿಗೆ ಎಲ್ಲರ ಒಪ್ಪಿಗೆ ಬೇಕು. ಜರ್ಮನಿಯಲ್ಲಿ ಒಪ್ಪಿಗೆಯಿಲ್ಲದೆ ಧ್ವನಿ ರೆಕಾರ್ಡ್ ಮಾಡುವುದೇ ಅಪರಾಧ. ದುಬೈಯಲ್ಲೂ ಜೈಲು, ದಂಡ ಆಗಬಹುದು.

ಹೆಜ್ಜೆ 7: ಕೋರ್ಟಿನ ದಿನದವರೆಗೆ

ಪೊಲೀಸರು ಮೊಬೈಲ್ ಜಪ್ತಿ ಮಾಡಿದರೆ ಮಹಜರಿನಲ್ಲಿ (ಜಪ್ತಿಯ ದಾಖಲೆಯಲ್ಲಿ) ಮೊಬೈಲಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್, ಫೈಲಿನ ಹೆಸರು, ಹ್ಯಾಶ್ ಬರೆದಿದ್ದಾರೆಯೇ ನೋಡಿ, ಪ್ರತಿ ಪಡೆಯಿರಿ. ದಿನಬಳಕೆಯ ಮೊಬೈಲ್ ಹೋದರೆ ಬ್ಯಾಂಕಿನ ಒಟಿಪಿಗೂ ಕಷ್ಟ. ಹಾಗಾಗಿ ಮೊದಲೇ ಹಳೆಯ ಮೊಬೈಲೊಂದರಲ್ಲಿ ರೆಕಾರ್ಡ್ ಮಾಡಿದ್ದರೆ ಒಳ್ಳೆಯದು.

ಕೇಸು ವರ್ಷಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಆ ಕಡೆಯವರು ಮನೆಗೆ ಬರುತ್ತಾರೆ, ನೆಂಟರ ಕೈಲಿ ಹೇಳಿಸುತ್ತಾರೆ, "ಹೋಗಲಿ ಬಿಡಮ್ಮ, ಅವರಿಗೂ ಮಕ್ಕಳಿದ್ದಾರೆ" ಎನ್ನುತ್ತಾರೆ. ಬಹಳ ದೂರುದಾರರು ಉಲ್ಟಾ ಸಾಕ್ಷಿ ಹೇಳುವುದು ಆಗಲೇ. ದೂರುದಾರರು ತಿರುಗಿಬಿದ್ದರೂ, ತೀರಿಕೊಂಡರೂ ಬೇರೆ ಸಾಕ್ಷ್ಯಗಳಿಂದ ಕೇಸು ಸಾಬೀತು ಮಾಡಬಹುದು ಎಂದು 2022ರ ನೀರಜ್ ದತ್ತಾ ತೀರ್ಪಿನಲ್ಲಿ ಸಂವಿಧಾನ ಪೀಠ ಹೇಳಿದೆ.

ಸಾಕ್ಷಿ ಹೇಳುವ ಹಿಂದಿನ ದಿನ ನಿಮ್ಮ ದೂರನ್ನು, ಅಂದು ಬರೆದಿಟ್ಟ ಹಾಳೆಯನ್ನು ಓದಿ, ಪ್ರತಿಯನ್ನು ಪೂರ್ತಿ ಕೇಳಿ. ಕಟಕಟೆಯಲ್ಲಿ ರೆಕಾರ್ಡಿಂಗ್ ಹಾಕಿದಾಗ ಯಾವ ಧ್ವನಿ ಯಾರದು ಎಂದು ನೀವು ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿದರೆ ಅದು ದಾಖಲೆಗೆ ಬರುವುದಿಲ್ಲ.